ಬೋರ್ಡ್ ಸತ್ತಿಲ್ಲ, ಮಾತು ಎಲ್ಲಿ ನಿಂತಿದೆ ನೋಡಿ

ಹಾಸನ ಜಿಲ್ಲೆಯಲ್ಲಿ ಮೈಕ್ರೋಕಂಟ್ರೋಲರ್ ಬೋರ್ಡ್ (ಪ್ರೋಗ್ರಾಂ ಹಾಕಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಹಿಡಿದು ಕೂರುವವರು ಈಗ ಕಡಿಮೆಯೇನಿಲ್ಲ. ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿದ್ದಾರೆ. ಸಕಲೇಶಪುರದ ಕಾಫಿ ತೋಟಗಳಿಗೆ ಮಳೆ ಅಳೆಯುವ ಪೆಟ್ಟಿಗೆ ಮಾಡಿಕೊಡುವವರಿದ್ದಾರೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಪಂಪ್‌ಸೆಟ್‌ಗೆ ಮೊಬೈಲ್‌ನಿಂದ ಆನ್ ಆಫ್ ಮಾಡುವ ಸ್ಟಾರ್ಟರ್ ಕಟ್ಟುವವರಿದ್ದಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಪರದೆ ಮೇಲೆ ಈ ಸಾಲು ಕಾಣಿಸಿಯೇ ಕಾಣಿಸುತ್ತದೆ: ‘ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್’, ಅಂದರೆ ಬೋರ್ಡಿನ ಎಸ್‌ಟಿಎಂ32 ಚಿಪ್ ಸಿಗಲಿಲ್ಲ.

ನಿನ್ನೆ ಸಂಜೆ ಚೆನ್ನಾಗಿ ಪ್ರೋಗ್ರಾಂ ಹಾಕಿಸಿಕೊಂಡ ಬೋರ್ಡ್ ಇವತ್ತು ಉಸಿರೇ ಎತ್ತುವುದಿಲ್ಲ. ಆಗ ಬಾಯಿಗೆ ಬರುವ ಮೊದಲ ಮಾತು “ಚಿಪ್ ಸುಟ್ಟೋಯ್ತು” ಅನ್ನೋದು. ಆದರೆ ನನ್ನ ಮೇಜಿಗೆ ಬರುವ ಇಂಥ ಬೋರ್ಡ್‌ಗಳಲ್ಲಿ ನಿಜವಾಗಿ ಸುಟ್ಟಿರುವುದು ತೀರಾ ಕಡಿಮೆ. ಹೆಚ್ಚಿನವು ಆರೋಗ್ಯವಾಗಿಯೇ ಇರುತ್ತವೆ. ಲ್ಯಾಪ್‌ಟಾಪಿಗೂ ಚಿಪ್‌ಗೂ ನಡುವೆ ಎಲ್ಲೋ ಒಂದು ಕಡೆ ಮಾತು ನಿಂತಿರುತ್ತದೆ, ಅಷ್ಟೆ. ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದೇ ಕೆಲಸ. ಇದು ನಮ್ಮಂಥ ಊರಿನವರಿಗೆ ಇನ್ನೂ ಮುಖ್ಯ. ಬೆಂಗಳೂರಿನವರು ಸಂಜೆ ಎಸ್‌ಪಿ ರೋಡಿಗೆ ಹೋಗಿ ಬೇರೆ ಬೋರ್ಡ್ ತಂದುಬಿಡುತ್ತಾರೆ. ನಾವು ಕೊರಿಯರ್ ಕಾಯಬೇಕು. ಅದು ಬಂದ ಮೇಲೆ ಹೊಸ ಬೋರ್ಡಿನಲ್ಲೂ ಅದೇ ಸಾಲು ಕಾಣಿಸಿದರೆ ದುಡ್ಡೂ ಹೋಯ್ತು, ವಾರವೂ ಹೋಯ್ತು.

ಇಲ್ಲಿ ಎಸ್‌ಟಿ ಕಂಪನಿಯ ಎಸ್‌ಟಿಎಂ32 ಚಿಪ್ ಮತ್ತು ಎಸ್‌ಟಿ-ಲಿಂಕ್ ಡಿಬಗ್ಗರ್ (ಚಿಪ್‌ಗೆ ಪ್ರೋಗ್ರಾಂ ಹಾಕಿ, ಅದು ಓಡುವುದನ್ನು ಒಳಗಿಂದ ನೋಡುವ ಸಾಧನ) ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಕಡೆ ಜಾಸ್ತಿ ಜನರ ಕೈಯಲ್ಲಿರುವುದು ಅದೇ. ಬೇರೆ ಎಆರ್‌ಎಂ ಚಿಪ್ ಬಳಸುವವರಿಗೂ ದಾರಿ ಇದೇ, ಪಿನ್ ಹೆಸರು ಮಾತ್ರ ಬದಲಾಗುತ್ತದೆ.

ಎರಡು ತಂತಿಯ ಮೇಲೆ ಏನು ನಡೆಯುತ್ತದೆ

ನೀವು ಡಿಬಗ್ ಬಟನ್ ಒತ್ತಿದಾಗ ಮಾತು ನೇರವಾಗಿ ಚಿಪ್‌ಗೆ ಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿರುವ ಸಾಫ್ಟ್‌ವೇರ್, ಅಂದರೆ ಎಸ್‌ಟಿಎಂ32ಕ್ಯೂಬ್‌ಐಡಿಇ ಅಥವಾ ಓಪನ್‌ಓಸಿಡಿ, ಮೊದಲು ಯುಎಸ್‌ಬಿ ಮೂಲಕ ಎಸ್‌ಟಿ-ಲಿಂಕ್ ಜೊತೆ ಮಾತಾಡುತ್ತದೆ. ಎಸ್‌ಟಿ-ಲಿಂಕ್ ಆ ಮಾತನ್ನು ಎಸ್‌ಡಬ್ಲ್ಯುಡಿ ಎಂಬ ಭಾಷೆಗೆ ತಿರುಗಿಸಿ ತಂತಿಯ ಮೇಲೆ ಕಳಿಸುತ್ತದೆ. ಆ ಕಡೆ ಚಿಪ್‌ನೊಳಗೆ ಡಿಬಗ್ ಪೋರ್ಟ್ ಎಂಬ ಪುಟ್ಟ ಭಾಗ ಅದನ್ನು ಕೇಳಿಸಿಕೊಳ್ಳುತ್ತದೆ. ಡಿಬಗ್ ಪೋರ್ಟ್‌ನ ಹಿಂದೆ ನಿಮ್ಮ ಪ್ರೋಗ್ರಾಂ ಓಡಿಸುವ ಕೋರ್ ಇರುತ್ತದೆ. ಡಿಬಗ್ ಪೋರ್ಟ್ ಬೇರೆ, ಕೋರ್ ಬೇರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಇದರ ಮೇಲೇ ಬಹಳಷ್ಟು ನಿಂತಿದೆ.

ಮೊದಲು ಈ ಕೆಲಸಕ್ಕೆ ಜೆಟಿಎಜಿ ಇತ್ತು. 1990ರಲ್ಲಿ ಐಇಇಇ 1149.1 ಎಂಬ ಹೆಸರಿನಲ್ಲಿ ಅದು ಸ್ಟ್ಯಾಂಡರ್ಡ್ ಆಯಿತು. ಅದಕ್ಕೆ ಕನಿಷ್ಠ ನಾಲ್ಕು ಸಿಗ್ನಲ್ ತಂತಿ ಬೇಕು. ಚಿಕ್ಕ ಚಿಪ್‌ಗಳಲ್ಲಿ ಅಷ್ಟು ಪಿನ್ ಕೊಡೋದು ಕಷ್ಟ ಅಲ್ವಾ? ಅದಕ್ಕೇ ಎಆರ್‌ಎಂ ಕಂಪನಿ ಎರಡೇ ಸಿಗ್ನಲ್ ಸಾಕಾಗುವ ಎಸ್‌ಡಬ್ಲ್ಯುಡಿ ತಂದಿತು. ಒಂದು ಎಸ್‌ಡಬ್ಲ್ಯುಕ್ಲಾಕ್, ಇನ್ನೊಂದು ಎಸ್‌ಡಬ್ಲ್ಯುಡಿಐಓ. ಕ್ಲಾಕ್ ಯಾವಾಗಲೂ ಡಿಬಗ್ಗರ್ ಕಡೆಯಿಂದ ಬರುತ್ತದೆ. ಡೇಟಾ ಮಾತ್ರ ಒಂದೇ ತಂತಿಯಲ್ಲಿ ಹೋಗಿ ಬರುತ್ತದೆ.

ಮಾತು ಶುರುವಾಗುವುದು ಹೀಗೆ. ಡಿಬಗ್ಗರ್ ಮೊದಲು ಡೇಟಾ ತಂತಿಯನ್ನು ಮೇಲೆ ಹಿಡಿದು 50ಕ್ಕೂ ಹೆಚ್ಚು ಕ್ಲಾಕ್ ಕೊಡುತ್ತದೆ. ಅದು ‘ಹಳೆಯದೆಲ್ಲ ಮರೆತುಬಿಡು, ಹೊಸದಾಗಿ ಶುರು ಮಾಡೋಣ’ ಎಂಬ ಸೂಚನೆ. ಆಮೇಲೆ 8 ಬಿಟ್‌ನ ಒಂದು ಪ್ರಶ್ನೆ: ನಿನ್ನ ಗುರುತಿನ ಸಂಖ್ಯೆ ಹೇಳು. ಚಿಪ್ ಮೊದಲು 3 ಬಿಟ್‌ನಲ್ಲಿ ಹೂಂಗುಟ್ಟಬೇಕು. ನಂತರ 32 ಬಿಟ್‌ನ ಸಂಖ್ಯೆ, ಕೊನೆಗೆ ಸಂಖ್ಯೆ ಸರಿಯಾಗಿ ಬಂತೇ ಎಂದು ತಾಳೆ ನೋಡುವ ಒಂದು ಪ್ಯಾರಿಟಿ ಬಿಟ್. ಆ 3 ಬಿಟ್ ಬರದಿದ್ದರೆ ಡಿಬಗ್ಗರ್‌ಗೆ ಹೇಳಲು ಇರುವುದು ಒಂದೇ ಮಾತು: ಆ ಕಡೆ ಯಾರೂ ಇಲ್ಲ. ಕರೆಂಟ್ ಇಲ್ಲದಿದ್ದರೂ ಅದೇ ಮಾತು, ತಂತಿ ಸಡಿಲವಾಗಿದ್ದರೂ ಅದೇ, ನಿಮ್ಮ ಪ್ರೋಗ್ರಾಂ ಆ ಪಿನ್ ಕಿತ್ತುಕೊಂಡಿದ್ದರೂ ಅದೇ. ಹಾಗಾಗಿ ಆ ಸಾಲನ್ನು ರೋಗದ ಹೆಸರು ಎಂದು ತಿಳಿಯಬೇಡಿ. ಲ್ಯಾಪ್‌ಟಾಪ್ ಕಡೆಯಿಂದ ಶುರುಮಾಡಿ ಒಂದೊಂದೇ ಹಂತ ದಾಟಿಕೊಂಡು ಹೋಗಬೇಕು.

ಮೊದಲ ಹಂತ: ಲ್ಯಾಪ್‌ಟಾಪಿಗೆ ಎಸ್‌ಟಿ-ಲಿಂಕ್ ಕಾಣುತ್ತಿದೆಯಾ?

ಎರಡು ಸಂದೇಶಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ‘ನೋ ಎಸ್‌ಟಿ-ಲಿಂಕ್ ಡಿಟೆಕ್ಟೆಡ್’ ಬಂದರೆ ಡಿಬಗ್ಗರೇ ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ. ಆಗ ಬೋರ್ಡಿನ ತಂತಿ ಮುಟ್ಟುವುದು ಸುಮ್ನೆ ಟೈಂ ವೇಸ್ಟ್. ‘ನೋ ಟಾರ್ಗೆಟ್ ಫೌಂಡ್’ ಬಂದರೆ ಡಿಬಗ್ಗರ್ ತನಕ ಎಲ್ಲ ಸರಿ ಇದೆ, ತೊಂದರೆ ಅದರಾಚೆ. ಸಂದೇಶವನ್ನು ಪೂರ್ತಿ ಓದಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಡಿಬಗ್ಗರ್ ಕಾಣದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಅಗ್ಗದ ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ. ಡೇಟಾದ ಎರಡು ತಂತಿ ಇರುವುದೇ ಇಲ್ಲ. ಬೋರ್ಡಿನ ಲೈಟ್ ಉರಿಯುತ್ತದೆ, ಎಲ್ಲ ಸರಿ ಇದೆ ಎಂದು ಮೋಸ ಹೋಗುತ್ತೀರಿ. ಅದೇ ಕೇಬಲ್ ಹಾಕಿ ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಫೋಟೋ ಕಾಪಿ ಆಗುತ್ತದಾ ನೋಡಿ. ಕಾಪಿ ಆಯಿತೆಂದರೆ ಅದು ಡೇಟಾ ಕೇಬಲ್ ಎಂದು ಖಾತ್ರಿ.

ಲಿನಕ್ಸ್ ಇದ್ದವರು ಟರ್ಮಿನಲ್‌ನಲ್ಲಿ ಯುಎಸ್‌ಬಿ ಪಟ್ಟಿ ತೋರಿಸುವ ಕಮ್ಯಾಂಡ್ ಕೊಟ್ಟು 0483 ಇರುವ ಸಾಲು ಹುಡುಕಿ. ಅದು ಎಸ್‌ಟಿ ಕಂಪನಿಯ ಸಂಖ್ಯೆ. ಅದರ ಪಕ್ಕ 3748 ಇದ್ದರೆ ಎಸ್‌ಟಿ-ಲಿಂಕ್ ವಿ2, 374ಬಿ ಇದ್ದರೆ ನ್ಯೂಕ್ಲಿಯೋ ಬೋರ್ಡ್‌ಗಳಲ್ಲಿ (ಡಿಬಗ್ಗರ್ ಜೊತೆಗೇ ಬರುವ ಎಸ್‌ಟಿಯ ಬೋರ್ಡ್‌ಗಳು) ಇರುವ ವಿ2-1. ಸಾಲು ಕಾಣಿಸುತ್ತಿದೆ, ಆದರೂ ಓಪನ್‌ಓಸಿಡಿ ‘ಓಪನ್ ಫೇಲ್ಡ್’ ಎನ್ನುತ್ತಿದೆ ಎಂದರೆ ಬಹುಪಾಲು ಅದು ಅನುಮತಿಯ ವಿಷಯ. ಯುಎಸ್‌ಬಿ ಸಾಧನವನ್ನು ಯಾರು ಬಳಸಬಹುದು ಎಂದು ಹೇಳುವ ಯುಡೆವ್ ರೂಲ್ಸ್ ಫೈಲ್ ಹಾಕಿ, ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು. ಅದರ ಬದಲು ಯಾವಾಗಲೂ ಸುಡೋ ಹಾಕಿ, ಅಂದರೆ ರೂಟ್ ಎಂಬ ಪೂರ್ತಿ ಅಧಿಕಾರದ ಬಳಕೆದಾರನಾಗಿ ಓಡಿಸುವ ಅಭ್ಯಾಸ ಒಳ್ಳೆಯದಲ್ಲ. ಪ್ರಾಜೆಕ್ಟ್ ಫೋಲ್ಡರ್‌ನ ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗಿ ಇನ್ನೊಂದು ತಲೆನೋವು ಶುರುವಾಗುತ್ತದೆ. ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್ ತೆಗೆಯಿರಿ. ಹಳದಿ ತ್ರಿಕೋನ ಕಂಡರೆ ಡ್ರೈವರ್ ಹಾಕಿ.

ಇನ್ನೊಂದು ಕಾರಣವೂ ಪದೇ ಪದೇ ಸಿಗುತ್ತದೆ. ಸಾಮಾನ್ಯವಾಗಿ ಎಸ್‌ಟಿ-ಲಿಂಕ್‌ನ್ನು ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರ್ ಹಿಡಿದುಕೊಳ್ಳುತ್ತದೆ. ಚಿಪ್‌ಗೆ ಪ್ರೋಗ್ರಾಂ ಹಾಕುವ ಎಸ್‌ಟಿಯ ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಕನೆಕ್ಟ್ ಮಾಡಿ ಹಾಗೇ ಬಿಟ್ಟು, ಈ ಕಡೆ ಕ್ಯೂಬ್‌ಐಡಿಇಯಲ್ಲಿ ಡಿಬಗ್ ಒತ್ತಿದರೆ ಸಿಗುವುದಿಲ್ಲ. ಹಿಂದಿನ ಸಲ ಕ್ರ್ಯಾಶ್ ಆದ ಓಪನ್‌ಓಸಿಡಿ ಕಣ್ಣಿಗೆ ಕಾಣದೆ ಹಿಂದೆ ಓಡುತ್ತಲೇ ಇರಬಹುದು. 3333ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ ಅನುಮಾನವೇ ಬೇಡ, ಅದೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿ ಮುಗಿಸಿಬಿಡಿ.

ನ್ಯೂಕ್ಲಿಯೋ ಬೋರ್ಡ್ ಇದ್ದವರಿಗೆ ಒಂದು ಅನುಕೂಲವಿದೆ. ಯುಎಸ್‌ಬಿ ಪಕ್ಕದಲ್ಲಿರುವ ಎಲ್‌ಡಿ1 ಎಂಬ ಎಲ್‌ಇಡಿ ಎಲ್ಲಾ ಹೇಳುತ್ತದೆ. ಕೆಂಪು ಮಿಣುಕುತ್ತಲೇ ಇದ್ದರೆ ಲ್ಯಾಪ್‌ಟಾಪ್ ಜೊತೆಗಿನ ಪರಿಚಯ ಇನ್ನೂ ಮುಗಿದಿಲ್ಲ. ಕೆಂಪು ನಿಂತು ಉರಿದರೆ ಪರಿಚಯ ಮುಗಿದಿದೆ. ಹಸಿರಾದರೆ ಚಿಪ್ ಸಿಕ್ಕಿದೆ. ಕಿತ್ತಳೆ ಬಣ್ಣ ಬಂದರೆ ಚಿಪ್ ಜೊತೆಗಿನ ಮಾತು ಮುರಿದಿದೆ. ಪರದೆಯ ಮೇಲಿನ ಸಂದೇಶಕ್ಕಿಂತ ನಾನು ಮೊದಲು ನೋಡುವುದು ಆ ದೀಪವನ್ನು.

ಎರಡನೇ ಹಂತ: ಮೀಟರ್ ತೆಗೆಯಿರಿ

ಹುಡುಗರು ಇಲ್ಲಿಗೆ ಬಂದಾಗ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ.

“ಅಣ್ಣಾ, ವೈರ್ ಎಲ್ಲಾ ಚೆಕ್ ಮಾಡಿದೀನಿ. ಕರೆಕ್ಟಾಗಿದೆ.”

“ಕಣ್ಣಲ್ಲಿ ನೋಡಿದ್ಯೋ, ಮೀಟರಲ್ಲಿ ನೋಡಿದ್ಯೋ?”

“ಕಣ್ಣಲ್ಲೇ.”

“ಹಂಗಾದ್ರೆ ಇನ್ನೂ ಚೆಕ್ ಮಾಡಿಲ್ಲ ಮರಿ. ಆ ಮೀಟರ್ ತಗೊಂಡ್ ಬಾ.”

ಜಂಪರ್ ತಂತಿಯ ತುದಿಯಲ್ಲಿರುವ ಕಪ್ಪು ಪ್ಲಾಸ್ಟಿಕ್ ಒಳಗೆ ಲೋಹದ ಕ್ಲಿಪ್ ಇರುತ್ತದೆ. ಅದರಲ್ಲಿ ತಂತಿ ಸರಿಯಾಗಿ ಕಚ್ಚಿರುವುದಿಲ್ಲ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಹಿಡಿದ ಕೋಣೆಯಲ್ಲಿಟ್ಟ ತಂತಿಗಳ ತುದಿ ಕಪ್ಪಾಗಿ ಕಾಂಟ್ಯಾಕ್ಟ್ ಕೆಡುತ್ತದೆ. ಆದ್ದರಿಂದ ಕಂಟಿನ್ಯುಟಿ (ಸಂಪರ್ಕ ಇದ್ದರೆ ಮೀಟರ್ ಬೀಪ್ ಎನ್ನುವ ಪರೀಕ್ಷೆ) ನೋಡುವಾಗ ತಂತಿಯ ಎರಡು ತುದಿಗೆ ಮೀಟರ್ ಇಟ್ಟರೆ ಸಾಲದು. ತಂತಿಯನ್ನು ಚುಚ್ಚಿದ ಸ್ಥಿತಿಯಲ್ಲೇ, ಡಿಬಗ್ಗರ್ ಕಡೆಯ ಪಿನ್‌ನಿಂದ ಚಿಪ್‌ನ ಕಾಲಿನವರೆಗೆ ನೋಡಬೇಕು. ಹಾಗೆ ನೋಡುವಾಗ ತಂತಿಯನ್ನು ಸ್ವಲ್ಪ ಅಲ್ಲಾಡಿಸಿ. ಬೀಪ್ ನಿಂತು ನಿಂತು ಬಂದರೆ ಆ ತಂತಿಯನ್ನು ಕಸದ ಬುಟ್ಟಿಗೆ ಹಾಕಿ, ಮತ್ತೆ ಡಬ್ಬಕ್ಕೆ ಹಾಕಬೇಡಿ.

ಈಗ ಬ್ಲೂ ಪಿಲ್ ಎಂದು ಕರೆಯುವ ಎಸ್‌ಟಿಎಂ32ಎಫ್103 ಬೋರ್ಡನ್ನೇ ತೆಗೆದುಕೊಳ್ಳೋಣ. ಬೋರ್ಡಿಗೆ ಅದರ ಯುಎಸ್‌ಬಿ ಮೂಲಕ ಕರೆಂಟ್ ಕೊಡಿ. ಎಸ್‌ಟಿ-ಲಿಂಕ್ ತಂತಿಗಳನ್ನು ಪೂರ್ತಿ ಬಿಚ್ಚಿ. ಮೀಟರನ್ನು ಡಿಸಿ ವೋಲ್ಟೇಜಿಗೆ ತಿರುಗಿಸಿ, ಕಪ್ಪು ಮೊನೆಯನ್ನು ಗ್ರೌಂಡ್ ಪಿನ್‌ಗೆ ಒತ್ತಿ ಹಿಡಿಯಿರಿ. ಕೆಂಪು ಮೊನೆಯಿಂದ ನಾಲ್ಕು ಕಡೆ ಮುಟ್ಟಬೇಕು. ಮೊದಲು 3.3 ವೋಲ್ಟ್ ಪಿನ್. ಅಲ್ಲಿ 3.2ರಿಂದ 3.4ರ ಆಸುಪಾಸು ಬರಬೇಕು. ಈ ಚಿಪ್ 2.0ರಿಂದ 3.6 ವೋಲ್ಟ್ ತನಕ ಕೆಲಸ ಮಾಡುತ್ತದೆ, ಆದರೆ ಬೋರ್ಡಿನಲ್ಲಿ 2.7 ಕಂಡರೆ ರೆಗ್ಯುಲೇಟರ್ ಕೈಕೊಡುತ್ತಿದೆ ಅಥವಾ ಯಾವುದೋ ಭಾಗ ಕರೆಂಟ್ ಎಳೆಯುತ್ತಿದೆ ಎಂದರ್ಥ. ಎರಡನೆಯದು ರಿಸೆಟ್ ಪಿನ್, ಬೋರ್ಡಿನ ಅಂಚಿನಲ್ಲಿ ಆರ್ ಎಂದು ಬರೆದಿರುತ್ತದೆ. ಅಲ್ಲೂ 3.3 ಇರಬೇಕು. ಸೊನ್ನೆ ಇದ್ದರೆ ರಿಸೆಟ್ ಬಟನ್ ಅಂಟಿಕೊಂಡಿದೆ ಅಥವಾ ಬೆಸುಗೆಯ ಚೂರು ಗ್ರೌಂಡಿಗೆ ತಾಗಿದೆ.

ಮೂರನೆಯದು ಎಸ್‌ಡಬ್ಲ್ಯುಡಿಐಓ, ನಾಲ್ಕನೆಯದು ಎಸ್‌ಡಬ್ಲ್ಯುಕ್ಲಾಕ್. ಚಿಪ್‌ನ ಹೆಸರಿನಲ್ಲಿ ಇವು ಪಿಎ13 ಮತ್ತು ಪಿಎ14. ಎಸ್‌ಟಿಎಂ32 ರಿಸೆಟ್ ಆದ ತಕ್ಷಣ ಪಿಎ13ನ್ನು ಒಳಗಿನ ರೆಸಿಸ್ಟರ್ ಮೂಲಕ ಮೇಲಕ್ಕೂ, ಪಿಎ14ನ್ನು ಕೆಳಕ್ಕೂ ಎಳೆದುಕೊಳ್ಳುತ್ತದೆ. ಅಂದರೆ ಪಿಎ13ರಲ್ಲಿ 3.3ರ ಹತ್ತಿರ, ಪಿಎ14ರಲ್ಲಿ ಸೊನ್ನೆಯ ಹತ್ತಿರ ಕಾಣಬೇಕು. ಹೀಗೇ ಕಂಡರೆ ಚಿಪ್‌ಗೆ ಜೀವ ಇದೆ, ಡಿಬಗ್ ಪಿನ್‌ಗಳು ಇನ್ನೂ ಡಿಬಗ್ ಕೆಲಸದಲ್ಲೇ ಇವೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ಹಾಗೆ ಕಾಣದಿದ್ದರೆ ಬೋರ್ಡಿನ ರಿಸೆಟ್ ಬಟನ್ ಒತ್ತಿ ಹಿಡಿದು ಮತ್ತೆ ನೋಡಿ. ಬಟನ್ ಒತ್ತಿದಾಗ ಮಾತ್ರ 3.3 ಮತ್ತು ಸೊನ್ನೆ ಬಂದು, ಬಿಟ್ಟ ತಕ್ಷಣ ಬದಲಾದರೆ, ನಿಮ್ಮ ಪ್ರೋಗ್ರಾಂ ಆ ಪಿನ್‌ಗಳನ್ನು ಬೇರೆ ಕೆಲಸಕ್ಕೆ ಎಳೆದುಕೊಂಡಿದೆ. ಇಷ್ಟು ತಿಳಿಯಲು ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್.

ಅಲ್ಯೂಮಿನಿಯಂ ಕವಚದ ಪೆನ್‌ಡ್ರೈವ್ ತರಹದ ಎಸ್‌ಟಿ-ಲಿಂಕ್ ಕ್ಲೋನ್ (ನಕಲು) ಬಳಸುವವರು ಎರಡು ವಿಷಯ ನೆನಪಿಡಿ. ಪಿನ್‌ಗಳ ಕ್ರಮ ಒಂದು ಕ್ಲೋನ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಕವಚದ ಮೇಲೆ ಬರೆದದ್ದನ್ನೇ ನೋಡಿ, ಗೆಳೆಯನ ಬಳಿ ಇರುವುದರ ಫೋಟೋ ನೋಡಿ ಚುಚ್ಚಬೇಡಿ. ಮತ್ತೆ, ಅಸಲಿ ಎಸ್‌ಟಿ-ಲಿಂಕ್ ಬೋರ್ಡಿನ ವೋಲ್ಟೇಜನ್ನು ಅಳೆದು ಹೇಳುತ್ತದೆ. ಓಪನ್‌ಓಸಿಡಿಯಲ್ಲಿ ‘ಟಾರ್ಗೆಟ್ ವೋಲ್ಟೇಜ್’ ಎಂಬ ಸಾಲು ಬರುವುದು ಅದೇ. ಅಲ್ಲಿ ಸೊನ್ನೆ ಕಂಡರೆ ಬೋರ್ಡಿನ 3.3 ವೋಲ್ಟ್ ಡಿಬಗ್ಗರ್‌ಗೆ ತಲುಪಿಲ್ಲ. ಹಲವು ಕ್ಲೋನ್‌ಗಳಲ್ಲಿ ಆ ಪಿನ್ ಅಳೆಯುವುದಿಲ್ಲ, ತಾನೇ 3.3 ವೋಲ್ಟ್ ಹೊರಗೆ ಕೊಡುತ್ತದೆ. ಆ ಸಾಲಿನಲ್ಲಿ ಕಾಣುವ ಸಂಖ್ಯೆಯನ್ನು ನಂಬುವ ಹಾಗಿಲ್ಲ. ಬೋರ್ಡಿಗೆ ಬೇರೆ ಕಡೆಯಿಂದ ಕರೆಂಟ್ ಇದ್ದರೆ ಕ್ಲೋನ್‌ನ 3.3 ವೋಲ್ಟ್ ತಂತಿ ಹಾಕಬೇಡಿ. ಗ್ರೌಂಡ್ ತಂತಿ ಮಾತ್ರ ಹಾಕಲೇಬೇಕು. ಎರಡು ಕಡೆಗೂ ಒಂದೇ ಗ್ರೌಂಡ್ ಇಲ್ಲದಿದ್ದರೆ ಸೊನ್ನೆ ಯಾವುದು ಒಂದು ಯಾವುದು ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ.

ನ್ಯೂಕ್ಲಿಯೋ-64 ಬೋರ್ಡಿನಲ್ಲಿ ತಂತಿ ಇಲ್ಲ, ಜಂಪರ್‌ಗಳಿವೆ, ಅಂದರೆ ಎರಡು ಪಿನ್ ಸೇರಿಸುವ ಪುಟ್ಟ ಟೋಪಿಗಳು. ಸಿಎನ್2 ಎಂಬ ಜಾಗದಲ್ಲಿ ಎರಡೂ ಜಂಪರ್ ಕೂತಿದ್ದರೆ ಡಿಬಗ್ಗರ್ ಅದೇ ಬೋರ್ಡಿನ ಚಿಪ್‌ಗೆ ಸೇರಿರುತ್ತದೆ. ಬೇರೆ ಬೋರ್ಡ್ ಪ್ರೋಗ್ರಾಂ ಮಾಡಲು ಯಾರೋ ಅವನ್ನು ಕಿತ್ತು, ವಾಪಸ್ ಹಾಕದೆ ಹೋಗಿರುತ್ತಾರೆ. ಲ್ಯಾಬ್‌ನಲ್ಲಿ ಹತ್ತಾರು ಜನ ಬಳಸುವ ಬೋರ್ಡಿನಲ್ಲಿ ಮೊದಲು ನೋಡಬೇಕಾದ್ದು ಇದೇ. ಜೆಪಿ6 ಎಂಬ ಜಂಪರ್ ಕಳೆದುಹೋದರೆ ಚಿಪ್‌ಗೆ ಕರೆಂಟೇ ಹೋಗುವುದಿಲ್ಲ. ಅದು ಚಿಪ್ ಎಷ್ಟು ಕರೆಂಟ್ ಕುಡಿಯುತ್ತದೆ ಎಂದು ಅಳೆಯಲು ಕೊಟ್ಟಿರುವ ಜಾಗ.

ತಂತಿ ಎಲ್ಲ ಸರಿ ಇದ್ದೂ ಒಮ್ಮೆ ಸಿಕ್ಕು ಒಮ್ಮೆ ಸಿಗದಿದ್ದರೆ ವೇಗ ಇಳಿಸಿ. ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಎಸ್‌ಟಿ-ಲಿಂಕ್ ವಿ2ಗೆ 4000 ಕಿಲೋಹರ್ಟ್ಸ್ ಇರುತ್ತದೆ. ಅದನ್ನು 480ಕ್ಕೋ 240ಕ್ಕೋ ತನ್ನಿ. ಆಗ ಸಿಕ್ಕಿದರೆ ತಂತಿ ಉದ್ದವಾಗಿದೆ ಅಥವಾ ಕಾಂಟ್ಯಾಕ್ಟ್ ದುರ್ಬಲವಾಗಿದೆ ಎಂದು ಗೊತ್ತಾಯಿತು. ಗೇಣುದ್ದಕ್ಕಿಂತ ಜಾಸ್ತಿ ಉದ್ದದ ಜಂಪರ್ ತಂತಿಯಲ್ಲಿ ಪೂರ್ತಿ ವೇಗದ ಆಸೆ ಇಟ್ಟುಕೊಳ್ಳಬಾರದು.

ಮೂರನೇ ಹಂತ: ನಿಮ್ಮ ಪ್ರೋಗ್ರಾಮೇ ಅಡ್ಡ ನಿಂತಾಗ

ಕಾಫಿ ತೋಟದವರಿಗೆ ಮಳೆಯ ಲೆಕ್ಕ ಬಹಳ ಮುಖ್ಯ. ಹೂಮಳೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಎನ್ನುವುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನ ಆಗುತ್ತದೆ. ಅದಕ್ಕಾಗಿ ತೋಟದ ನಡುವೆ ಇಡುವ ಮಳೆ ಮಾಪಕದಲ್ಲಿ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚಿ ಒಂದು ಸ್ವಿಚ್ ಮುಟ್ಟಿಸುತ್ತದೆ. ಬ್ಯಾಟರಿ ತಿಂಗಳುಗಟ್ಟಲೆ ಬರಬೇಕು. ಹಾಗಾಗಿ ಚಿಪ್ ಸದಾ ನಿದ್ದೆಯಲ್ಲಿರುತ್ತದೆ. ಬಟ್ಟಲು ಮಗುಚಿದಾಗ ಎದ್ದು, ಲೆಕ್ಕ ಬರೆದು, ಮತ್ತೆ ಮಲಗುತ್ತದೆ.

ಇಂಥ ಬೋರ್ಡಿಗೆ ಮೊದಲ ಸಲ ಪ್ರೋಗ್ರಾಂ ಚೆನ್ನಾಗಿಯೇ ಹೋಗುತ್ತದೆ. ಎರಡನೇ ಸಲ ಹಾಕಲು ಹೋದಾಗ ‘ನೋ ಟಾರ್ಗೆಟ್’. ಮೀಟರ್‌ನಲ್ಲಿ ಎಲ್ಲ ಸರಿಯಾಗಿದೆ. ವೋಲ್ಟೇಜ್ ಇದೆ, ತಂತಿ ಸರಿ, ಪಿಎ13 ಮೇಲಿದೆ, ಪಿಎ14 ಕೆಳಗಿದೆ. ಕಾರಣ ಇಷ್ಟೆ: ಸ್ಟಾಪ್ ಮೋಡ್‌ಗೆ, ಅಂದರೆ ಗಾಢ ನಿದ್ದೆಗೆ, ಹೋದ ಚಿಪ್‌ನಲ್ಲಿ ಕೋರ್‌ನ ಕ್ಲಾಕ್ ನಿಂತಿರುತ್ತದೆ. ಡಿಬಗ್ ಪೋರ್ಟ್‌ನ ಹಿಂದೆ ಉತ್ತರ ಕೊಡಬೇಕಾದವರು ಎಚ್ಚರ ಇಲ್ಲ. ಎಸ್‌ಟಿಎಂ32ರಲ್ಲಿ ಡಿಬಿಜಿಎಂಸಿಯು ಎಂಬ ರಿಜಿಸ್ಟರ್ ಇದೆ. ಅದರಲ್ಲಿ ಒಂದು ಬಿಟ್ ಹಾಕಿದರೆ ಸ್ಟಾಪ್ ಮೋಡ್‌ನಲ್ಲೂ ಡಿಬಗ್ಗರ್‌ಗಾಗಿ ಕ್ಲಾಕ್ ಓಡುತ್ತಿರುತ್ತದೆ. ಪ್ರೋಗ್ರಾಂ ಬರೆಯುವ ದಿನಗಳಲ್ಲಿ ಅದನ್ನು ಹಾಕಿಕೊಳ್ಳಿ. ತೋಟಕ್ಕೆ ಕಳಿಸುವ ಮುಂಚೆ ತೆಗೆಯಿರಿ, ಇಲ್ಲದಿದ್ದರೆ ಬ್ಯಾಟರಿ ಬೇಗ ಖಾಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಬಿಟ್ ರಿಸೆಟ್ ಬಟನ್ ಒತ್ತಿದರೆ ಅಳಿಸಿಹೋಗುವುದಿಲ್ಲ, ಕರೆಂಟ್ ಪೂರ್ತಿ ತೆಗೆದರೆ ಮಾತ್ರ ಹೋಗುತ್ತದೆ. ಡಿಬಗ್ ಮಾಡಿದ ಕೂಡಲೇ ನಿದ್ದೆಯ ಕರೆಂಟ್ ಅಳೆದು ‘ಯಾಕಿಷ್ಟು ಜಾಸ್ತಿ’ ಎಂದು ತಲೆ ಕೆಡಿಸಿಕೊಳ್ಳುವ ಬದಲು ಒಮ್ಮೆ ಬ್ಯಾಟರಿ ಕಿತ್ತು ಹಾಕಿ ಅಳೆಯಿರಿ.

ಎರಡನೇ ಪ್ರಸಂಗ ಇನ್ನೂ ಸಾಮಾನ್ಯ. ಪಿನ್ ಹೊಂದಿಸಿ ಶುರುವಿನ ಕೋಡ್ ಬರೆದುಕೊಡುವ ಕ್ಯೂಬ್‌ಎಂಎಕ್ಸ್‌ನಲ್ಲಿ ಹೊಸ ಪ್ರಾಜೆಕ್ಟ್ ಮಾಡುವಾಗ ಸಿಸ್ಟಂ ವಿಭಾಗದಲ್ಲಿ ಡಿಬಗ್ ಎಂಬ ಆಯ್ಕೆ ಇದೆ. ಅದನ್ನು ‘ಸೀರಿಯಲ್ ವೈರ್’ಗೆ ಬದಲಿಸದೆ ‘ನೋ ಡಿಬಗ್’ ಎಂದೇ ಬಿಟ್ಟರೆ, ಎಫ್103 ಸೇರಿದ ಎಫ್1 ಸರಣಿಯ ಚಿಪ್‌ಗೆ ಅದು ಬರೆದುಕೊಡುವ ಕೋಡ್‌ನಲ್ಲಿ ಡಿಬಗ್ ಪಿನ್‌ಗಳನ್ನು ಬಂದ್ ಮಾಡುವ ಸಾಲು ಸೇರಿಕೊಳ್ಳುತ್ತದೆ. ಆ ಪ್ರೋಗ್ರಾಂ ಒಮ್ಮೆ ಚಿಪ್‌ಗೆ ಹೋದರೆ ಮುಂದಿನ ಸಲ ಡಿಬಗ್ಗರ್‌ಗೆ ಚಿಪ್ ಸಿಗುವುದಿಲ್ಲ. ಬ್ಲೂ ಪಿಲ್ ಕಲಿಯುವವರು ಎದುರಿಸುವ ತೊಂದರೆಗಳಲ್ಲಿ ಇದನ್ನೇ ನಾನು ಮೊದಲು ಇಡುತ್ತೇನೆ. ಪಿನ್ ಸಾಲದು ಎಂದು ಪಿಎ13, ಪಿಎ14ಕ್ಕೆ ಎಲ್‌ಇಡಿಯನ್ನೋ ಬಟನ್ನನ್ನೋ ಸೇರಿಸಿಕೊಂಡರೂ ಇದೇ ಗತಿ.

ಎರಡಕ್ಕೂ ಮದ್ದು ಒಂದೇ: ‘ಕನೆಕ್ಟ್ ಅಂಡರ್ ರಿಸೆಟ್’. ತೋಟಕ್ಕೆ ಹೊರಡುವವರನ್ನು ಹಿಡಿಯಬೇಕಾದರೆ ಅವರು ಹೊಸಿಲು ದಾಟುವ ಮೊದಲೇ ಹಿಡಿಯಬೇಕು, ಅಲ್ವಾ? ಇದೂ ಹಾಗೇ. ಡಿಬಗ್ಗರ್ ರಿಸೆಟ್ ತಂತಿಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ಆಗ ನಿಮ್ಮ ಪ್ರೋಗ್ರಾಮಿನ ಒಂದು ಸಾಲೂ ಓಡುವುದಿಲ್ಲ, ಪಿನ್‌ಗಳು ಹುಟ್ಟಿದ ಸ್ಥಿತಿಯಲ್ಲಿರುತ್ತವೆ. ಆದರೆ ಡಿಬಗ್ ಪೋರ್ಟ್ ರಿಸೆಟ್‌ನಲ್ಲೂ ಮಾತಾಡುತ್ತದೆ. ಆ ಹೊತ್ತಿನಲ್ಲಿ ಡಿಬಗ್ಗರ್ ಒಳಗೆ ಹೋಗಿ ‘ರಿಸೆಟ್ ಬಿಟ್ಟ ಕೂಡಲೇ ಮೊದಲ ಸಾಲಿಗೂ ಮುಂಚೆ ನಿಲ್ಲು’ ಎಂದು ಬರೆದಿಡುತ್ತದೆ. ಆಮೇಲೆ ರಿಸೆಟ್ ಬಿಡುತ್ತದೆ. ಕೋರ್ ಎದ್ದು ನಿಲ್ಲುತ್ತದೆ, ಹೆಜ್ಜೆ ಇಡುವುದಿಲ್ಲ. ಈಗ ಫ್ಲ್ಯಾಶ್ (ಪ್ರೋಗ್ರಾಂ ಉಳಿಯುವ ಮೆಮೊರಿ) ಅಳಿಸಿ ಹೊಸ ಪ್ರೋಗ್ರಾಂ ಹಾಕಬಹುದು.

ಇದು ಆಗಬೇಕಾದರೆ ರಿಸೆಟ್ ತಂತಿ ಇರಲೇಬೇಕು. ಬ್ಲೂ ಪಿಲ್‌ನ ತುದಿಯ ನಾಲ್ಕು ಪಿನ್‌ಗಳಲ್ಲಿ ರಿಸೆಟ್ ಇಲ್ಲ. ಅಂಚಿನ ಆರ್ ಪಿನ್‌ನಿಂದ ಬೇರೆ ತಂತಿ ಎಳೆಯಬೇಕು. ಹಲವು ಕ್ಲೋನ್ ಎಸ್‌ಟಿ-ಲಿಂಕ್‌ಗಳ ರಿಸೆಟ್ ಪಿನ್ ಎಸ್‌ಟಿಎಂ32ಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕೈಯೇ ಗತಿ. ಬೋರ್ಡಿನ ರಿಸೆಟ್ ಬಟನ್ ಒತ್ತಿ ಹಿಡಿಯಿರಿ, ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಕನೆಕ್ಟ್ ಒತ್ತಿ, ಒತ್ತಿದ ಕ್ಷಣವೇ ಬಟನ್ ಬಿಡಿ. ಒಂದೇ ಸಲಕ್ಕೆ ಸಿಗದಿರಬಹುದು, ಬಿಡುವ ಸಮಯ ಹಿಂದೆ ಮುಂದೆ ಮಾಡಿ ನೋಡಿ. ಇನ್ನೂ ಖಚಿತವಾದ ದಾರಿ ಬೂಟ್0 ಜಂಪರ್. ಅದನ್ನು 1ಕ್ಕೆ ಹಾಕಿ ರಿಸೆಟ್ ಒತ್ತಿದರೆ ಚಿಪ್ ನಿಮ್ಮ ಪ್ರೋಗ್ರಾಂ ಬಿಟ್ಟು ಕಾರ್ಖಾನೆಯಲ್ಲೇ ಹಾಕಿದ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸುತ್ತದೆ. ಬೂಟ್‌ಲೋಡರ್ ಡಿಬಗ್ ಪಿನ್‌ಗಳ ತಂಟೆಗೆ ಹೋಗುವುದಿಲ್ಲ. ಡಿಬಗ್ಗರ್ ಸಲೀಸಾಗಿ ಸೇರುತ್ತದೆ. ಫ್ಲ್ಯಾಶ್ ಅಳಿಸಿ, ಜಂಪರ್ ಮತ್ತೆ 0ಗೆ ತನ್ನಿ.

ನಿದ್ದೆ ಮಾಡುವ ಬೋರ್ಡುಗಳಿಗೆ ನಾನು ಎಲ್ಲರಿಗೂ ಹೇಳುವ ಒಂದು ಅಭ್ಯಾಸ ಇದೆ. ಪ್ರೋಗ್ರಾಮಿನ ಮೇನ್ ಫಂಕ್ಷನ್ ಶುರುವಾದ ಕೂಡಲೇ ಎರಡು ಮೂರು ಸೆಕೆಂಡ್ ಸುಮ್ನೆ ಕಾಯುವ ಸಾಲು ಹಾಕಿ, ಆಮೇಲೆ ಮಲಗಲು ಬಿಡಿ. ಪೆಟ್ಟಿಗೆ ಒಳಗೆ ಸೀಲ್ ಆದ ಬೋರ್ಡಿನಲ್ಲಿ ಬೂಟ್0 ಕೈಗೆ ಸಿಗುವುದಿಲ್ಲ. ಆ ಎರಡು ಮೂರು ಸೆಕೆಂಡ್ ಡಿಬಗ್ಗರ್‌ಗೆ ಸಾಕು.

ಸಿಗುತ್ತದೆ, ಆದರೂ ಬೇಡ ಎನ್ನುತ್ತದೆ

ಕೆಲವೊಮ್ಮೆ ಚಿಪ್ ಉತ್ತರ ಕೊಡುತ್ತದೆ, ಸಾಫ್ಟ್‌ವೇರ್ ಒಪ್ಪುವುದಿಲ್ಲ. ಎಫ್103 ಎಂದು ಕೊಂಡ ಬ್ಲೂ ಪಿಲ್‌ನಲ್ಲಿ ಓಪನ್‌ಓಸಿಡಿ ‘ಅನ್‌ಎಕ್ಸ್‌ಪೆಕ್ಟೆಡ್ ಐಡಿಕೋಡ್’ ಎಂದರೆ ಗುರುತಿನ ಸಂಖ್ಯೆ ನೋಡಿ. ಅಸಲಿ ಎಫ್103 ಕೊಡುವುದು 1ಬಿಎ01477. ಅಲ್ಲಿ 2ಬಿಎ01477 ಬಂದಿದ್ದರೆ ಅದು ಬೇರೆ ಕಂಪನಿ ಮಾಡಿದ ಹೋಲಿಕೆಯ ಚಿಪ್. ಓಪನ್‌ಓಸಿಡಿ ಕಾನ್ಫಿಗ್‌ನಲ್ಲಿ ನಿರೀಕ್ಷಿಸುವ ಸಂಖ್ಯೆಯನ್ನು ಬದಲಿಸಿದರೆ ಮುಂದೆ ಹೋಗುತ್ತದೆ. ಕ್ಯೂಬ್‌ಐಡಿಇ ಮಾತ್ರ ‘ಎಸ್‌ಟಿ ಡಿವೈಸ್ ಎಂದು ಖಚಿತವಾಗಲಿಲ್ಲ’ ಎಂದು ಹೇಳಿ ನಿಂತುಬಿಡಬಹುದು. ಕಲಿಯಲು ಆ ಚಿಪ್ ಸಾಕು. ಗಿರಾಕಿಗೆ ಕೊಡುವ ಸಾಮಾನಿಗೆ ಅಸಲಿಯನ್ನೇ ಹಾಕಿ.

ಇನ್ನೊಂದು ರೀಡ್‌ಔಟ್ ಪ್ರೊಟೆಕ್ಷನ್. ಒಳಗಿನ ಪ್ರೋಗ್ರಾಂ ಕದಿಯದಂತೆ ಹಾಕುವ ಬೀಗ ಅದು. ಬಹುಪಾಲು ಎಸ್‌ಟಿಎಂ32ಗಳಲ್ಲಿ ಮೂರು ಮಟ್ಟ ಇವೆ. ಸೊನ್ನೆ ಎಂದರೆ ಬೀಗ ಇಲ್ಲ. ಒಂದು ಎಂದರೆ ಡಿಬಗ್ಗರ್ ಸೇರುತ್ತದೆ, ಫ್ಲ್ಯಾಶ್ ಓದಲು ಬಿಡುವುದಿಲ್ಲ. ಸೊನ್ನೆಗೆ ವಾಪಸ್ ತಂದರೆ ಒಳಗಿನದೆಲ್ಲ ಅಳಿಸಿಹೋಗಿ ಚಿಪ್ ನಿಮ್ಮದಾಗುತ್ತದೆ. ಎರಡನೇ ಮಟ್ಟ ಹಾಕಿದರೆ ಹೆಚ್ಚಿನ ಸರಣಿಗಳಲ್ಲಿ ಡಿಬಗ್ ಶಾಶ್ವತವಾಗಿ ಬಂದ್, ಹಿಂದೆ ಬರುವ ದಾರಿ ಇಲ್ಲ. ಈ ಬೀಗ ಹಾಕುವ ಆಪ್ಷನ್ ಬೈಟ್ಸ್ ಪುಟದಲ್ಲಿ ಏನೋ ಒತ್ತಿ ನೋಡೋಣ ಎಂದು ಯಾವತ್ತೂ ಆಟ ಆಡಬೇಡಿ.

ನೀವೇ ಪಿಸಿಬಿ ಮಾಡಿಸಿದ್ದರೆ ವಿಡಿಡಿಎ (ಅನಲಾಗ್ ಭಾಗದ ಸಪ್ಲೈ) ಪಿನ್‌ಗೆ ಕರೆಂಟ್ ಕೊಟ್ಟಿದ್ದೀರಾ, ಬೂಟ್0 ಗಾಳಿಯಲ್ಲಿ ಬಿಟ್ಟಿದ್ದೀರಾ ನೋಡಿ. ಎಫ್4 ಸರಣಿಯಲ್ಲಿ ವಿಕ್ಯಾಪ್ ಎಂಬ ಪಿನ್ ಇದೆ. ಅಲ್ಲಿ ಕೆಪಾಸಿಟರ್ ಇರಲೇಬೇಕು. ಎಫ್407ಕ್ಕೆ 2.2 ಮೈಕ್ರೋಫ್ಯಾರಡ್‌ನ ಎರಡು. ಚಿಪ್ ಓಡುವಾಗ ಆ ಪಿನ್‌ನಲ್ಲಿ ಸುಮಾರು 1.2 ವೋಲ್ಟ್ ಕಾಣಬೇಕು. ಅದಿಲ್ಲದಿದ್ದರೆ ಕೋರ್‌ಗೆ ಕರೆಂಟೇ ಇಲ್ಲ, ಎಷ್ಟು ಸಲ ಕನೆಕ್ಟ್ ಒತ್ತಿದರೂ ಅಷ್ಟೇ.

ಪಂಪ್‌ಸೆಟ್ ಸ್ಟಾರ್ಟರ್ ಮಾಡುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಕೆಪಾಸಿಟರ್ ಮೂಲಕ ನೇರವಾಗಿ 230 ವೋಲ್ಟ್‌ನಿಂದ ಕರೆಂಟ್ ತೆಗೆದುಕೊಳ್ಳುವ ಬೋರ್ಡುಗಳಿವೆ. ಅವುಗಳ ಗ್ರೌಂಡ್ ಎಂದರೆ ಮೇನ್ಸ್ ಲೈನೇ. ಅಂಥ ಬೋರ್ಡಿಗೆ ಕರೆಂಟ್ ಇರುವಾಗ ಎಸ್‌ಟಿ-ಲಿಂಕ್ ಚುಚ್ಚಿದರೆ ಲ್ಯಾಪ್‌ಟಾಪ್ ಹೋಗುತ್ತದೆ, ಮುಟ್ಟಿದವರ ಜೀವಕ್ಕೂ ಅಪಾಯ. ಮೇನ್ಸ್ ಪೂರ್ತಿ ಬಿಚ್ಚಿ, ಬೋರ್ಡಿನ 3.3 ವೋಲ್ಟ್‌ಗೆ ಬೇರೆ ಸಪ್ಲೈ ಕೊಟ್ಟು ಮಾತ್ರ ಡಿಬಗ್ ಮಾಡಿ. ಮೇನ್ಸ್‌ನಿಂದ ಸರಿಯಾಗಿ ಬೇರ್ಪಡಿಸಿದ (ಐಸೊಲೇಷನ್ ಇರುವ) ಬೋರ್ಡಿನಲ್ಲೂ ಮೋಟರ್ ಆನ್ ಮಾಡುವ ಕಾಂಟ್ಯಾಕ್ಟರ್ ಟಪ್ಪೆಂದು ಬಿದ್ದಾಗ ಡಿಬಗ್ ತಪ್ಪಿಹೋಗುವುದುಂಟು. ಅದು ಕಾಯಿಲ್‌ನಿಂದ ಬರುವ ವಿದ್ಯುತ್ ನಾಯ್ಸ್. ಕಾಯಿಲ್‌ಗೆ ಆ ನಾಯ್ಸ್ ತಗ್ಗಿಸುವ ಸ್ನಬ್ಬರ್ ಹಾಕಿ, ಎಸ್‌ಡಬ್ಲ್ಯುಡಿ ತಂತಿಯನ್ನು ಗಿಡ್ಡ ಮಾಡಿ. ಬ್ರೇಕ್‌ಪಾಯಿಂಟ್‌ನಲ್ಲಿ (ಪ್ರೋಗ್ರಾಂ ನಿಲ್ಲಲಿ ಎಂದು ನೀವು ಗುರುತು ಹಾಕಿದ ಸಾಲು) ನಿಂತ ಸ್ವಲ್ಪ ಹೊತ್ತಿಗೆ ಪ್ರತಿ ಸಲ ರಿಸೆಟ್ ಆಗುತ್ತಿದ್ದರೆ ಅದು ವಾಚ್‌ಡಾಗ್, ಅಂದರೆ ಪ್ರೋಗ್ರಾಂ ನಿಂತುಹೋದರೆ ಚಿಪ್‌ನ್ನು ರಿಸೆಟ್ ಮಾಡುವ ಟೈಮರ್. ಕೋರ್ ನಿಂತಾಗ ವಾಚ್‌ಡಾಗ್‌ನ್ನೂ ನಿಲ್ಲಿಸುವ ಬಿಟ್ ಅದೇ ಡಿಬಿಜಿಎಂಸಿಯು ವಿಭಾಗದಲ್ಲಿದೆ.

ನಿಜವಾಗಿ ಸತ್ತ ಚಿಪ್ ಹೇಗಿರುತ್ತದೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿನವರು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಜೊತೆ ಮಾತು ನಡೆಸುತ್ತಿದ್ದಾರೆ. ಉಪಗ್ರಹದ ಹತ್ತಿರ ಹೋಗಿ ಮೀಟರ್ ಹಿಡಿಯುವ ಹಾಗಿಲ್ಲ. ನಮ್ಮ ಬೋರ್ಡ್ ಮೇಜಿನ ಮೇಲೇ ಇದೆ. ಸತ್ತಿದೆ ಎಂದು ಹೇಳುವ ಮೊದಲು ಇನ್ನೆರಡು ಪರೀಕ್ಷೆ ಮಾಡಲು ಯಾವ ಕಷ್ಟವೂ ಇಲ್ಲ.

ಕರೆಂಟ್ ತೆಗೆದು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಕೆಲವೇ ಓಂ ಬಂದರೆ ಶಾರ್ಟ್ ಇದೆ. ಕರೆಂಟ್ ಕೊಟ್ಟು ಚಿಪ್ ಮೇಲೆ ಬೆರಳಿಡಿ. ಕೆಲವೇ ಸೆಕೆಂಡಿನಲ್ಲಿ ಬೆರಳು ಇಡಲಾಗದಷ್ಟು ಬಿಸಿಯಾದರೆ ಒಳಗೆ ಸುಟ್ಟಿದೆ. ಪ್ಲಸ್ ಮೈನಸ್ ತಿರುಗಿಸಿ ಕೊಟ್ಟ ಬೋರ್ಡುಗಳು ಹೆಚ್ಚಾಗಿ ಹೀಗಾಗುತ್ತವೆ.

ಬಿಸಿಯೂ ಇಲ್ಲ, ಶಾರ್ಟೂ ಇಲ್ಲ, ಆದರೂ ಡಿಬಗ್ಗರ್‌ಗೆ ಸಿಗುತ್ತಿಲ್ಲ ಎಂದರೆ ಕೊನೆಯದಾಗಿ ಬೂಟ್‌ಲೋಡರ್ ಜೊತೆ ಸೀರಿಯಲ್‌ನಲ್ಲಿ ಮಾತಾಡಿಸಿ. ಬೂಟ್0 ಜಂಪರ್ 1ಕ್ಕೆ ಹಾಕಿ. ಯುಎಸ್‌ಬಿ-ಸೀರಿಯಲ್ ಮಾಡ್ಯೂಲಿನ ಆರ್‌ಎಕ್ಸ್ ಪಿಎ9ಕ್ಕೆ, ಟಿಎಕ್ಸ್ ಪಿಎ10ಕ್ಕೆ, ಗ್ರೌಂಡ್ ಗ್ರೌಂಡಿಗೆ. ಮಾಡ್ಯೂಲ್ 3.3 ವೋಲ್ಟ್‌ನಲ್ಲಿರಲಿ. ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಎಸ್‌ಟಿ-ಲಿಂಕ್ ಬದಲು ಯುಎಆರ್‌ಟಿ ಆರಿಸಿ, ಪ್ಯಾರಿಟಿ ಈವನ್ ಇರಲಿ. ರಿಸೆಟ್ ಒತ್ತಿ ಕನೆಕ್ಟ್ ಮಾಡಿ. ಬೂಟ್‌ಲೋಡರ್ ಉತ್ತರ ಕೊಟ್ಟರೆ ಚಿಪ್ ಬದುಕಿದೆ, ಹೆಚ್ಚೆಂದರೆ ಡಿಬಗ್ ಪಿನ್‌ಗಳಷ್ಟೇ ಹೋಗಿವೆ. ಒಳಗೆ ನಿಂತು ನೋಡುವ ಅನುಕೂಲ ಇರುವುದಿಲ್ಲ, ಆದರೆ ಸೀರಿಯಲ್ ಮೂಲಕವೇ ಪ್ರೋಗ್ರಾಂ ಹಾಕಿ ಆ ಬೋರ್ಡನ್ನು ಕೆಲಸಕ್ಕೆ ಹಚ್ಚಬಹುದು. ಅದೂ ಉತ್ತರ ಕೊಡದಿದ್ದರೆ ಆಗ ಹೊಸ ಚಿಪ್‌ಗೆ ಆರ್ಡರ್ ಹಾಕಿ.